ತೌಡು ಕೊಟ್ಟು ತಂದ ಮಗು

ಹಾಸನದ ಕಡೆ ಹುಟ್ಟಿ ಬೆಳೆದವರಿಗೆಲ್ಲ ಚಿಕ್ಕಂದಿನಲ್ಲಿ ಯಾರಾದರೂ ಒಬ್ಬರು ಈ ಮಾತು ಹೇಳೇ ಇರ್ತಾರೆ: "ನೀನೇನು ಈ ಮನೆ ಮಗ ಅನ್ಕೊಂಡಿದ್ದೀಯ? ನಿನ್ನ ತೌಡು ಕೊಟ್ಟು ತಂದಿದ್ದು ಕಣೋ!" ಹೇಳೋರು ಸಾಮಾನ್ಯವಾಗಿ ಸೋದರಮಾವ, ಇಲ್ಲಾಂದ್ರೆ ಪಕ್ಕದ ಮನೆ ದೊಡ್ಡಮ್ಮ. ಜಗಲಿ ಮೇಲೆ ಕೂತವರೆಲ್ಲ ನಗ್ತಾರೆ. ಮಗು ಅಡುಗೆಮನೆಗೆ ಓಡಿ ಅವ್ವನ ಸೆರಗು ಹಿಡ್ಕೊಂಡು "ಹೌದಾ?" ಅಂತ ಕೇಳುತ್ತೆ. ಅವ್ವ "ಅವನಿಗೆ ಮಾಡಕ್ಕೆ ಕೆಲಸ ಇಲ್ಲ ಬಿಡು" ಅಂತ ತಲೆ ಸವರ್ತಾಳೆ. ಅಲ್ಲಿಗೆ ಮುಗೀತು. ಅಡುಗೆಮನೇಲಿ ಅವ್ವ ಇದ್ದಾಳೆ ಅನ್ನೋ ಧೈರ್ಯ ಇರೋದ್ರಿಂದ ಅದು ಜೋಕು.

ಅದೇ ಮಾತನ್ನ, ಮನೆಗೆ ಹೊಸ ಪಾಪು ಬಂದ ವಾರದಲ್ಲಿ ಮೂರು ವರ್ಷದ ಮಗುವಿಗೆ ಹೇಳಿ ನೋಡಿ. ನಮ್ಮ ಜನ ಹೇಳದೆ ಬಿಡೋದೂ ಇಲ್ಲ. "ತಮ್ಮ ಬಂದ ಕಣೆ, ಇನ್ಮೇಲೆ ನಿನ್ನ ಯಾರು ಕೇಳ್ತಾರೆ?" "ನಮ್ಮನೆಗೆ ಬಂದ್ಬಿಡು, ನಿಮ್ಮಮ್ಮಂಗೆ ಹೊಸ ಪಾಪು ಸಿಕ್ತಲ್ಲ." ಮಗು ಸುತ್ತಮುತ್ತ ನೋಡುತ್ತೆ. ಅಮ್ಮನ ಮಡಿಲಲ್ಲಿ ಬೇರೆ ಯಾರೋ ಇದ್ದಾರೆ. ಮಂಚದ ಮೇಲೆ ತಾನು ಮಲಗ್ತಿದ್ದ ಜಾಗದಲ್ಲಿ ರಬ್ಬರ್ ಶೀಟು ಹಾಸಿದೆ. ಬಂದ ನೆಂಟರು ತನ್ನ ತಲೆ ಮೇಲಿಂದ ಬಗ್ಗಿ ತೊಟ್ಟಿಲು ನೋಡ್ತಾರೆ. ಆಮೇಲೆ ಒಂದು ಶುಕ್ರವಾರ ಸಂಜೆ ಅದರ ಬಟ್ಟೆ, ಒಂದೆರಡು ಆಟದ ಸಾಮಾನು ಬ್ಯಾಗಿಗೆ ತುಂಬಿ ಊರಿಗೆ ಕರ್ಕೊಂಡು ಹೋಗಿ ಬಿಟ್ಟು ಬರ್ತಾರೆ. ಅಂದ್ರೆ ಮಾವ ಹೇಳಿದ್ದು ನಿಜಾನೇ ಆಯ್ತು.

ನಾನು ಜಗಳ ತೆಗೀತಿರೋದು ಈ ಶುಕ್ರವಾರದ ಬ್ಯಾಗಿನ ಮೇಲೆ.

ನಾನು ಅರಕಲಗೂಡು ತಾಲ್ಲೂಕಿನ ಹಳ್ಳಿಯವನು. ಬೆಂಗಳೂರಲ್ಲಿ ನನ್ನ ಜೊತೆ ಊಟಕ್ಕೆ ಕೂರೋರಲ್ಲಿ ಒಬ್ಬ ಹೊಳೆನರಸೀಪುರದವನು, ಒಬ್ಬಳು ಚನ್ನರಾಯಪಟ್ಟಣದವಳು, ಇಬ್ಬರು ಹಾಸನ ಟೌನಿನವರು. ಎಲ್ಲ ಮೂವತ್ತು ದಾಟಿದವರು. ಒಬ್ಬೊಬ್ಬರದಾಗಿ ಎರಡನೇ ಮಗು ಬರೋ ಕಾಲ. ಸುದ್ದಿ ಗೊತ್ತಾದ ಕೂಡಲೇ ಕಂಗ್ರಾಟ್ಸ್ ಆದ ಮೇಲೆ ಕೇಳೋ ಪ್ರಶ್ನೆ ಒಂದೇ: "ದೊಡ್ಡದನ್ನ ಊರಿಗೆ ಕಳಿಸ್ತೀಯಾ?" ಎಪ್ರೈಸಲ್ ಫಾರ್ಮಲ್ಲಿ ಇರೋ ಕಾಲಮ್ಮಿನ ತರ ಅದು. ರಸ್ತೆ ಬೇರೆ ಚೆನ್ನಾಗಾಗಿದೆ. ಎನ್‌ಎಚ್ 75ರಲ್ಲಿ ಹೊರಟರೆ ಚನ್ನರಾಯಪಟ್ಟಣಕ್ಕೆ ಎರಡೂವರೆ ಗಂಟೆ, ಹಾಸನಕ್ಕೆ ಇನ್ನೊಂದು ಅರ್ಧ ಮುಕ್ಕಾಲು ಗಂಟೆ. 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ರೈಲೂ ಇದೆ. (ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ. ಅದಕ್ಕೆ ಬೇರೆ ಲೇಖನ ಬರೀಬೇಕು.) ಮಗುವನ್ನ ಬಿಟ್ಟು ಬರೋದು ಒಂದು ದಿನದ ಕೆಲಸ. ಭಾನುವಾರ ರಾತ್ರಿ ವಾಪಸ್, ಸೋಮವಾರ ಬೆಳಗ್ಗೆ ಸ್ಟ್ಯಾಂಡ್‌ಅಪ್ ಕಾಲ್.

ಎರಡು ತಿಂಗಳು ಅಂತ ಹೊರಡುತ್ತೆ ಮಗು. ಎರಡು ಐದಾಗುತ್ತೆ. ನಾಮಕರಣ ಆಗ್ಲಿ, ಮಳೆ ಕಳೀಲಿ, ಪಾಪುಗೆ ಇಂಜೆಕ್ಷನ್ ಎಲ್ಲ ಮುಗೀಲಿ, ಹೇಗಿದ್ರೂ ಜೂನ್‌ಗೆ ಸ್ಕೂಲು.

ನನ್ನ ಹೊಳೆನರಸೀಪುರದ ಗೆಳೆಯನ ಮಗಳು ಹಾಗೆ ಹೋಗಿ ಐದು ತಿಂಗಳಿಗೆ ವಾಪಸ್ ಬಂದಳು. ಮೂರೂವರೆ ವರ್ಷ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹಠ ಇಲ್ಲ, ಅಳು ಇಲ್ಲ, ತಟ್ಟೇಲಿ ಹಾಕಿದ್ದು ತಿಂತಾಳೆ. "ಅಮ್ಮ, ಫ್ರಿಜ್ ತೆಗೀಲಾ?" ಅಂತ ಕೇಳಿ ತೆಗೀತಾಳೆ. "ಅಜ್ಜಿ ಎಷ್ಟು ಚೆನ್ನಾಗಿ ಡಿಸಿಪ್ಲಿನ್ ಕಲಿಸಿದ್ದಾರೆ ನೋಡಿ" ಅಂದ್ರು ಬಂದವರು. ನನಗೆ ಹಾಗನಿಸಲಿಲ್ಲ. ಮೂರು ವರ್ಷದ ಮಗು ತನ್ನ ಮನೆಯ ಫ್ರಿಜ್ ತೆಗೆಯೋಕೆ ಪರ್ಮಿಷನ್ ಕೇಳಲ್ಲ. ಪರ್ಮಿಷನ್ ಕೇಳೋರು ನೆಂಟರು.

ಚನ್ನರಾಯಪಟ್ಟಣದ ಹತ್ತಿರ ತೋಟದ ಮನೆಯಲ್ಲಿದ್ದ ಇನ್ನೊಬ್ಬ ಹುಡುಗ ವಿಡಿಯೋ ಕಾಲ್ ಬಂದ್ರೆ ಸಾಕು, ಕೊಬ್ಬರಿ ಅಟ್ಟಕ್ಕೆ ಹತ್ತಿಬಿಡ್ತಿದ್ದ. ಫೋನಲ್ಲಿ ತಾತ ಹೇಳ್ತಿದ್ರು: "ಆರಾಮಾಗವ್ನೆ ಕಣವ್ವ, ನಿಮ್ಮ ನೆನಪೇ ಮಾಡ್ಕೊಳಲ್ಲ." ಅಪ್ಪ ಅಮ್ಮ ಇಬ್ಬರಿಗೂ ಸಮಾಧಾನ. ನಿಮ್ಮ ಮಗು ನಿಮ್ಮನ್ನ ನೆನಪು ಮಾಡ್ಕೊಳಲ್ಲ ಅನ್ನೋದು ಒಳ್ಳೆ ಸುದ್ದಿ ಹೇಗಾಗುತ್ತೆ ಸ್ವಾಮಿ?

ಇದನ್ನ ಕ್ಯಾಮೆರಾ ಹಿಡಿದು ದಾಖಲು ಮಾಡಿದವರಿದ್ದಾರೆ. ಇಂಗ್ಲೆಂಡಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ 1969ರಲ್ಲಿ ಹೊರತಂದ ಒಂದು ಚಿತ್ರದಲ್ಲಿ ಜಾನ್ ಅನ್ನೋ ಹದಿನೇಳು ತಿಂಗಳ ಮಗು ಇದೆ. ಅಮ್ಮ ಎರಡನೇ ಹೆರಿಗೆಗೆ ಆಸ್ಪತ್ರೆಗೆ ಸೇರಿದಾಗ ಈ ಮಗುವನ್ನ ಒಂಬತ್ತು ದಿನ ಮಕ್ಕಳನ್ನ ಇಟ್ಟು ನೋಡ್ಕೊಳ್ಳೋ ನರ್ಸರಿಯಲ್ಲಿ ಬಿಟ್ಟಿದ್ರು. ಯಾರೂ ಹೊಡೀಲಿಲ್ಲ, ಬೈಲಿಲ್ಲ. ನರ್ಸುಗಳು ಒಳ್ಳೆಯವರೇ, ಆದ್ರೆ ಪಾಳಿ ಪ್ರಕಾರ ಬದಲಾಗ್ತಿದ್ರು. ಮೊದಲೆರಡು ದಿನ ಅವನು ಒಬ್ಬೊಬ್ಬರ ಹತ್ತಿರಾನೂ ಹೋಗಿ ಮಡಿಲು ಕೇಳ್ತಾನೆ. ಆಮೇಲೆ ಅಳ್ತಾನೆ, ಊಟ ಬಿಡ್ತಾನೆ, ಕೊನೆಗೆ ಸುಮ್ಮನೆ ಬಿದ್ದುಕೊಳ್ತಾನೆ. ಒಂಬತ್ತನೇ ದಿನ ಅಮ್ಮ ಬಂದಾಗ ಅವಳ ಕೈಯಿಂದ ಕೊಸರಿಕೊಳ್ತಾನೆ.

ಅಜ್ಜಿ ಮನೆ ನರ್ಸರಿ ಅಲ್ಲ ಅಂತೀರಿ. ಒಪ್ತೀನಿ. ಅದೇ ರಾಬರ್ಟ್‌ಸನ್ ದಂಪತಿ ಅದೇ ತರ ಅಮ್ಮ ಆಸ್ಪತ್ರೆಗೆ ಹೋದ ನಾಲ್ಕು ಮಕ್ಕಳನ್ನ ತಮ್ಮ ಮನೆಯಲ್ಲೇ ಇಟ್ಕೊಂಡು ನೋಡ್ಕೊಂಡ್ರು. ಮೊದಲೇ ಪರಿಚಯ ಮಾಡ್ಕೊಂಡು, ಆ ಮಕ್ಕಳ ಅಭ್ಯಾಸ ತಿಳ್ಕೊಂಡು, ಅಮ್ಮನ ಮಾತು ದಿನಾ ಆಡ್ತಾ. ಆ ಮಕ್ಕಳು ಜಾನ್ ತರ ಕುಸೀಲಿಲ್ಲ. ಹಾಗಾಗಿ ಅಜ್ಜಿಯ ಕೈಯಲ್ಲಿ ಮಗು ಕೆಟ್ಟುಹೋಗುತ್ತೆ ಅಂತ ನಾನು ಹೇಳ್ತಿಲ್ಲ. ನಮ್ಮ ಅಜ್ಜಿಯರ ಬಗ್ಗೆ ಹಾಗೆ ಹೇಳಿದ್ರೆ ನಾಲಿಗೆ ಬಿದ್ದೋಗುತ್ತೆ. ಆದ್ರೆ ಆ ನಾಲ್ಕು ಮಕ್ಕಳೂ ಅಲ್ಲಿದ್ದಿದ್ದು ದಿನಗಳ ಲೆಕ್ಕದಲ್ಲಿ. ಯಾವ ಮಗುವೂ ತಿಂಗಳು ದಾಟಿರಲಿಲ್ಲ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಮಕ್ಕಳೂ ಮನೆಗೆ ಹೋದವು. ನಾವು ಕಳಿಸೋದು ಅಮ್ಮ ಮನೆಗೆ ಬಂದ ಮೇಲೆ. ಅಮ್ಮ ಮನೇಲಿದ್ದಾಳೆ, ಪಾಪು ಮನೇಲಿದೆ, ಅಪ್ಪ ಮನೇಲೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾನೆ, ಮಗು ಒಂದೇ ಹೊರಗೆ. ಈ ಲೆಕ್ಕ ಮೂರು ವರ್ಷದ ತಲೆಗೂ ಅರ್ಥ ಆಗುತ್ತೆ.

ಇನ್ನು ಎಲ್ಲರೂ ಎತ್ತೋ ದೊಡ್ಡ ವಾದ: "ನಾವೆಲ್ಲ ಅಜ್ಜಿ ಮನೇಲೇ ಬೆಳೆದವರಪ್ಪ, ನಮಗೇನಾಯ್ತು?"

ನನ್ನ ತಂಗಿ ಹುಟ್ಟಿದಾಗ ನನಗೆ ನಾಲ್ಕು ವರ್ಷ. ಹೊಳೆನರಸೀಪುರದ ಕಡೆ, ಹೇಮಾವತಿ ದಂಡೆಯ ಅಜ್ಜಿ ಮನೇಲೇ ನಾನೂ ಇದ್ದೆ, ಐದಾರು ತಿಂಗಳು. ಆದ್ರೆ ಅಲ್ಲಿ ನನ್ನವ್ವನೂ ಇದ್ದಳು! ಬಾಣಂತನಕ್ಕೆ ತವರಿಗೆ ಹೋಗೋಳು ದೊಡ್ಡ ಮಗುವನ್ನ ಕಂಕುಳಲ್ಲಿ ಇಟ್ಕೊಂಡೇ ಹೋಗ್ತಿದ್ದಳು. ಹಿಂದಿನ ಪದ್ಧತಿ ಅಂದ್ರೆ ಇದು. ಅಮ್ಮ, ಹೊಸ ಕೂಸು, ಹಳೇ ಕೂಸು, ಅಜ್ಜಿ, ಎಲ್ಲ ಒಂದೇ ಸೂರಿನ ಕೆಳಗೆ. ಪುರುಡು ಕಳೆಯೋವರೆಗೆ ಹತ್ತು ಹನ್ನೊಂದು ದಿನ "ಮುಟ್ಟಬೇಡ" ಅಂತಿದ್ರು, ನಿಜ. ಆದ್ರೆ ಬಾಣಂತಿ ಕೋಣೆ ಬಾಗಿಲಿಗೆ ಬೀಗ ಹಾಕ್ತಿರಲಿಲ್ಲ. ಹೊಸಲಿನ ಈಚೆ ಕೂತು ನಾನು ಒಳಗಿದ್ದ ಅವ್ವನ ಜೊತೆ ಮಾತಾಡ್ತಿದ್ದೆ. ಕತ್ತಲಲ್ಲಿ ಮುಖ ಕಾಣ್ತಿರಲಿಲ್ಲ, ದನಿ ಬರ್ತಿತ್ತು. ಓಮಿನ ಕಾಳಿನ ವಾಸನೆ, ಹಂಡೆ ಒಲೆ, ಸಾಂಬ್ರಾಣಿ ಹೊಗೆ. ಕೂಸಿಗೆ ನೀರು ಹಾಕೋವಾಗ ಅಜ್ಜಿ ನನ್ನ ಕೈಗೆ ಬಟ್ಟೆ ಕೊಟ್ಟು ಬಚ್ಚಲ ಬಾಗಿಲಲ್ಲಿ ನಿಲ್ಲಿಸ್ತಿದ್ರು. ಅದೇನು ದೊಡ್ಡ ಕೆಲಸ ಅಲ್ಲ. ಬಟ್ಟೆ ಗೂಟದ ಮೇಲೂ ಇರಬಹುದಿತ್ತು. ಆದ್ರೆ ಆ ಬಚ್ಚಲ ಬಾಗಿಲಲ್ಲಿ ನನಗೊಂದು ಜಾಗ ಇತ್ತು.

ಈಗ ಆಸ್ಪತ್ರೆ ಬೆಂಗಳೂರಲ್ಲಿ, ಇನ್ಶೂರೆನ್ಸ್ ಬೆಂಗಳೂರಲ್ಲಿ, ಸ್ಕ್ಯಾನ್ ಮಾಡಿದ ಡಾಕ್ಟರು ಬೆಂಗಳೂರಲ್ಲಿ. ಹಾಗಾಗಿ ಬಾಣಂತಿ ತವರಿಗೆ ಹೋಗಲ್ಲ. ಅವಳ ಬದಲಿಗೆ ಅವಳ ಮೊದಲ ಮಗು ಹೋಗುತ್ತೆ. ಪದ್ಧತಿಯನ್ನ ತಲೆಕೆಳಗು ಮಾಡಿ, ಅದಕ್ಕೆ "ನಮ್ಮ ಕಡೆ ಹಿಂದಿನಿಂದ್ಲೂ ಹೀಗೇ" ಅಂತ ಹೆಸರಿಟ್ಟಿದ್ದೀವಿ. ಇದು ಹಿಂದಿನಿಂದ ಬಂದಿದ್ದಲ್ಲ, ಹೈವೇ ಮೇಲೆ ಬಂದಿದ್ದು.

ಆ ಕಾಲ ಬಂಗಾರದ್ದು ಅಂತ ಹೇಳೋಕೂ ನಾನು ತಯಾರಿಲ್ಲ. ತೌಡಿನ ಜೋಕು ಅಲ್ಲಿಂದ್ಲೇ ಬಂದಿದ್ದು. ಎರಡನೆಯದು ಗಂಡಾದ್ರೆ ಮೊದಲನೇ ಹೆಣ್ಣುಮಗುವಿನ ಸೊಂಟದ ಮೇಲೆ ಅವನು ಕೂತ. ಅವನು ಇಳಿಯೋ ಹೊತ್ತಿಗೆ ಅವಳ ಸ್ಕೂಲು ಬಿಟ್ಟುಹೋಗಿತ್ತು. ಅಂಥ ಅಕ್ಕಂದಿರು ನಮ್ಮ ಎಲ್ಲರ ಊರಲ್ಲೂ ಇದ್ದಾರೆ, ಈಗ ಐವತ್ತು ಅರವತ್ತು ವಯಸ್ಸಾಗಿರುತ್ತೆ. ಇನ್ನೊಂದು ವ್ಯತ್ಯಾಸ ಮಡಿಲಿನ ಲೆಕ್ಕದ್ದು. ಆಗ ಮನೆ ತುಂಬ ಜನ, ಒಂದು ಮಡಿಲು ತುಂಬಿದ್ರೆ ಇನ್ನೊಂದು ಖಾಲಿ ಇರ್ತಿತ್ತು. ಈಗ ಎರಡು ಬೆಡ್‌ರೂಮಿನ ಫ್ಲಾಟಲ್ಲಿ ಮಡಿಲು ಇರೋದೇ ಎರಡು. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅಂದ್ರೆ ಬಹಳ ಮನೆಗಳಲ್ಲಿ ಅಣ್ಣನೋ ಅಕ್ಕನೋ ಆಗೋ ಈ ಘಟನೆ ಒಂದೇ ಸಲ, ಒಂದೇ ಮಗುವಿಗೆ ಆಗೋದು. ಜೊತೆಗೆ ಅದೇ ಅನುಭವ ಆಗಿರೋ ಇನ್ನೊಂದು ಮಗು ಆ ಮನೇಲಿ ಇರಲ್ಲ.

ಮಗುವಿಗೆ ಹೊಟ್ಟೆಕಿಚ್ಚು ಅಂತೀವಲ್ಲ, ಆ ಪದವೇ ನನಗೆ ಆಗಿಬರಲ್ಲ. ಬಾಟ್ಲಿ ಹಾಲು ಬಿಟ್ಟಿದ್ದ ಮಗು ಮತ್ತೆ ಬಾಟ್ಲಿ ಕೇಳುತ್ತೆ. ಚಡ್ಡಿಯಲ್ಲೇ ಸೂಸು ಮಾಡ್ಕೊಳುತ್ತೆ. ಪಾಪು ಹಾಲು ಕುಡಿಯೋಕೆ ಶುರು ಮಾಡಿದ ಗಳಿಗೆಗೆ ಸರಿಯಾಗಿ ಅದಕ್ಕೆ ಬಾಯಾರಿಕೆ ಆಗುತ್ತೆ. "ನೋಡು, ಹೊಟ್ಟೆಕಿಚ್ಚು!" ಅಂತ ನಗ್ತೀವಿ. ನಿಮ್ಮ ಟೀಮಿಗೆ ಒಬ್ಬ ಹೊಸಬ ಬಂದ, ನಿಮ್ಮ ಸೀಟಲ್ಲಿ ಅವನನ್ನ ಕೂರಿಸಿದ್ರು, ನಿಮ್ಮ ಮ್ಯಾನೇಜರ್ ದಿನವಿಡೀ ಅವನ ಜೊತೆ, ನಿಮ್ಮನ್ನ ಬೆಂಚಿಗೆ ಹಾಕಿ "ನೀನು ಸೀನಿಯರ್ ಅಲ್ವಾ, ಅಡ್ಜಸ್ಟ್ ಮಾಡ್ಕೋ" ಅಂದ್ರು. ಅದಾದ ಮೇಲೆ ನೀವು ರಾತ್ರಿ ನಿದ್ದೆ ಬರದೆ ಲಿಂಕ್ಡ್‌ಇನ್ ನೋಡ್ತಾ ಕೂತ್ರೆ ಅದನ್ನ ಯಾರೂ ಹೊಟ್ಟೆಕಿಚ್ಚು ಅನ್ನಲ್ಲ. ನಿಮಗಾದ್ರೆ ಭಯ, ಮಗುವಿಗಾದ್ರೆ ಹೊಟ್ಟೆಕಿಚ್ಚು.

ಆಫ್ರಿಕಾದ ಘಾನಾದಲ್ಲಿ ಗಾ ಅನ್ನೋ ಭಾಷೆ ಆಡೋ ಜನ ಇದಕ್ಕೆ ಹೆಚ್ಚು ಮರ್ಯಾದೆ ಕೊಟ್ಟರು. ಕ್ವಾಷಿಯೋರ್ಕರ್ ಅನ್ನೋ ಅಪೌಷ್ಟಿಕತೆಯ ಕಾಯಿಲೆ ಹೆಸರು ನಾವೆಲ್ಲ ಹೈಸ್ಕೂಲಲ್ಲಿ ಓದಿದ್ದೀವಿ, ಹೊಟ್ಟೆ ಊದಿದ ಮಗುವಿನ ಚಿತ್ರದ ಜೊತೆ. ಆ ಪದ ಅವರದ್ದು. 1935ರಲ್ಲಿ ಸಿಸಿಲಿ ವಿಲಿಯಮ್ಸ್ ಅನ್ನೋ ಡಾಕ್ಟರಮ್ಮ ಅದನ್ನ ವೈದ್ಯಕೀಯಕ್ಕೆ ತಂದರು. ಅರ್ಥ ಏನು ಅಂದ್ರೆ, ಹೊಸ ಕೂಸು ಬಂದಾಗ ಹಳೇ ಕೂಸಿಗೆ ಬರೋ ಕಾಯಿಲೆ. ಅಮ್ಮನ ಹಾಲು ತಪ್ಪಿ, ಬರೀ ಗಂಜಿಗೆ ಬಿದ್ದ ಮಗುವಿಗೆ ಬರ್ತಿದ್ದಿದ್ದು. ನಮ್ಮ ಮಕ್ಕಳಿಗೆ ಊಟಕ್ಕೇನೂ ಕೊರತೆ ಇಲ್ಲ ಬಿಡಿ, ಮೊಟ್ಟೆ, ತುಪ್ಪ, ಬಾದಾಮಿ ಎಲ್ಲ ಇದೆ. ನಾನು ಹೇಳ್ತಿರೋದು ಹೆಸರಿನ ಬಗ್ಗೆ. ಜಾಗ ತಪ್ಪಿದ ಮಗು ಸೊರಗುತ್ತೆ ಅನ್ನೋದನ್ನ ಆ ಜನ ಕಣ್ಣಾರೆ ಕಂಡು ಅದಕ್ಕೊಂದು ಹೆಸರಿಟ್ಟರು. ನಾವು ಕಂಡು ಗೇಲಿ ಮಾಡಿದ್ವಿ.

ಅಣ್ಣ ತಮ್ಮಂದಿರ ವ್ಯಾಜ್ಯಕ್ಕೆ ನಮ್ಮ ಜಿಲ್ಲೆಯಷ್ಟು ಎತ್ತರದ ಸಾಕ್ಷಿ ಪ್ರಪಂಚದಲ್ಲೇ ಇಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ವಿಂಧ್ಯಗಿರಿ ಮೇಲೆ ಸಾವಿರ ವರ್ಷದಿಂದ ನಿಂತಿದೆ. ಭರತನದ್ದು ಹೊಟ್ಟೆಕಿಚ್ಚು ಅಂತಾನೇ ಕಥೆ ಹೇಳ್ತೀವಿ. ಆದ್ರೆ ಕಥೆ ಸರಿಯಾಗಿ ಕೇಳಿ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಊರ ಬಾಗಿಲಲ್ಲಿ ನಿಂತುಬಿಡುತ್ತೆ. ತಮ್ಮಂದಿರು ತಲೆಬಾಗದೆ ಅದು ಒಳಗೆ ಬರಲ್ಲ. ಚಕ್ರವರ್ತಿ ಅಂದ್ರೆ ಒಬ್ಬನೇ ಇರಬೇಕು ಅನ್ನೋದು ಚಕ್ರದ ರೂಲು. ಆ ರೂಲು ಇಲ್ದಿದ್ರೆ ಅಣ್ಣ ತಮ್ಮ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡೋ ಪ್ರಮೇಯ ಎಲ್ಲಿತ್ತು? ಆಲ್ಫ್ರೆಡ್ ಆಡ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಕೂಡ ಮೊದಲ ಮಗುವನ್ನ ಸಿಂಹಾಸನ ಕಳ್ಕೊಂಡ ರಾಜ ಅಂದ. ಆ ಹೋಲಿಕೆ ನಮ್ಮ ನೆಂಟರಿಗೆ ಗೊತ್ತಿಲ್ದೇನೇ ಇಷ್ಟ. "ಇನ್ಮೇಲೆ ನಿನ್ನ ದರ್ಬಾರು ಮುಗೀತು" ಅಂತಾರಲ್ಲ. ಮನೇಲಿ ಒಂದೇ ಸಿಂಹಾಸನ ಇದೆ ಅಂತ ಮಗುವಿಗೆ ಮೊದಲು ಹೇಳಿಕೊಟ್ಟವರು ಯಾರು?

ಹೇಳಿಕೊಡೋ ಮಾತಿನಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನೋಡಿದವರಿದ್ದಾರೆ. ಕೇಂಬ್ರಿಡ್ಜಿನಲ್ಲಿ ಜೂಡಿ ಡನ್, ಕ್ಯಾರೊಲ್ ಕೆಂಡ್ರಿಕ್ ಅನ್ನೋ ಇಬ್ಬರು ನಲವತ್ತು ಕುಟುಂಬಗಳನ್ನ ಎರಡನೇ ಮಗು ಹುಟ್ಟೋಕೆ ಮುಂಚಿನಿಂದ ಹಿಂಬಾಲಿಸಿ 1982ರಲ್ಲಿ ಪುಸ್ತಕ ಬರೆದರು. ಅವರಿಗೆ ಕಂಡ ಒಂದು ವಿಷಯ ಬಹಳ ಸರಳ. ಯಾವ ಅಮ್ಮಂದಿರು ಮೊದಲ ವಾರಗಳಲ್ಲಿ ದೊಡ್ಡ ಮಗುವಿನ ಜೊತೆ ಪಾಪು ಬಗ್ಗೆ ಒಬ್ಬ ಮನುಷ್ಯನ ಬಗ್ಗೆ ಮಾತಾಡೋ ಹಾಗೆ ಮಾತಾಡಿದ್ರೋ, ಆ ಮನೆಗಳ ಮಕ್ಕಳು ವರ್ಷ ಕಳೆದ ಮೇಲೂ ಒಬ್ಬರಿಗೊಬ್ಬರು ಹೆಚ್ಚು ಅಕ್ಕರೆಯಿಂದ ಇದ್ದರು. "ಯಾಕೆ ಅಳ್ತಿದೆ ಹೇಳು? ಹಸಿವಾಗಿರಬಹುದಾ? ಎತ್ಕೊಳೋಣ್ವಾ?" ಇಷ್ಟೇ. ದುಡ್ಡು ಖರ್ಚಿಲ್ಲ. ಆದ್ರೆ ಈ ಮಾತು ಕೇಳೋಕೆ ಮಗು ಅದೇ ಕೋಣೆಯಲ್ಲಿ ಇರಬೇಕು. ಹೊಳೆನರಸೀಪುರದಲ್ಲಿ ಇದ್ದರೆ ಆಗಲ್ಲ.

ಬೆಂಗಳೂರಿನ ನಮ್ಮ ಜನ ಇದಕ್ಕೂ ಶಾರ್ಟ್‌ಕಟ್ ಹುಡುಕಿದ್ದಾರೆ. "ಬಿಗ್ ಸಿಸ್ಟರ್" ಅಂತ ಬರೆದ ಟೀ ಶರ್ಟು, ಪಾಪು ಕೊಟ್ಟಿದ್ದು ಅಂತ ಸುಳ್ಳು ಹೇಳಿ ಕೊಡೋ ಅಡುಗೆ ಸೆಟ್ಟು. ಹಾಕಲಿ, ಕೊಡಲಿ, ಫೋಟೋ ಚೆನ್ನಾಗಿ ಬರುತ್ತೆ. ಮಗುವಿಗೆ ಅದು ಗೊತ್ತಾಗಲ್ಲ ಅಂತ ಮಾತ್ರ ತಿಳ್ಕೋಬೇಡಿ. ಕೆಲವರ ಮನೇಲಿ ತೊಟ್ಟಿಲು ಶಾಸ್ತ್ರದಲ್ಲಿ ಕೂಸಿಗಿಂತ ಮುಂಚೆ ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕ್ತಾರೆ. ಹಾಸನದಲ್ಲಿ ಅಂಥದ್ದೊಂದು ಶಾಸ್ತ್ರದಲ್ಲಿ ನಾಲ್ಕು ವರ್ಷದ ಹುಡುಗ, "ಈ ಕಲ್ಲೇ ಸಾಕು, ಇದು ಅಳಲ್ಲ, ಪಾಪುನ ಡಾಕ್ಟರ್‌ಗೆ ವಾಪಸ್ ಕೊಟ್ಬಿಡಿ" ಅಂದ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು, ನಾನೂ ನಕ್ಕೆ. ಅವನು ನಗಲಿಲ್ಲ. ಒಳ್ಳೆ ಪ್ರಪೋಸಲ್ಲೇ ಇಟ್ಟಿದ್ದ. ಅವನ ಅಮ್ಮ ಮಾತ್ರ ಪಕ್ಕಕ್ಕೆ ಕೂರಿಸ್ಕೊಂಡು, "ಅಳೋದು ಕೇಳಿ ಕೇಳಿ ನಿಂಗೆ ಬೇಜಾರಾಗಿದೆ ಅಲ್ವಾ? ನಂಗೂ ಆಗಿದೆ" ಅಂದ್ಲು. ಅವನು ಆವತ್ತು ಅವಳ ತೊಡೆ ಬಿಟ್ಟು ಏಳಲಿಲ್ಲ.

ಈಗ ಗಂಡಸರ ವಿಷಯ. ಯಾಕಂದ್ರೆ ಬ್ಯಾಗು ಪ್ಯಾಕ್ ಆಗೋದು ಹೆಚ್ಚಾಗಿ ನಮ್ಮ ಅನುಕೂಲಕ್ಕೆ. ಬಾಣಂತಿಗೆ ಎರಡೂ ಮಕ್ಕಳನ್ನ ನೋಡ್ಕೊಳೋಕಾಗಲ್ಲ ಅಂತ ಕಾರಣ ಕೊಡ್ತೀವಿ. ಖಂಡಿತ ಆಗಲ್ಲ. ಹೊಲಿಗೆ ಹಾಕಿಸ್ಕೊಂಡು, ಎರಡು ಗಂಟೆಗೊಂದು ಸಲ ಎದ್ದು ಹಾಲು ಕೊಡೋಳಿಗೆ ಮೂರು ವರ್ಷದ್ದನ್ನೂ ನೋಡ್ಕೋ ಅನ್ನೋದು ಅನ್ಯಾಯ. ಪಾಪುಗೆ ಹಾಲು ಕೊಡೋದು ನಮ್ಮ ಕೈಲಾಗಲ್ಲ. ಆದ್ರೆ ದೊಡ್ಡ ಮಗುವಿಗೆ ಅನ್ನ ತಿನ್ನಿಸೋದು, ಸ್ನಾನ, ಪಾರ್ಕು, ಮಲಗಿಸೋದು, ರಾತ್ರಿ ಒದ್ದೆಯಾದ ಬೆಡ್‌ಶೀಟು ಬದಲಾಯಿಸೋದು, ಇದರಲ್ಲಿ ಯಾವುದಕ್ಕೆ ಹೆಣ್ಣೇ ಬೇಕು? 2017ರ ತಿದ್ದುಪಡಿ ಆದ ಮೇಲೆ ಮೊದಲೆರಡು ಮಕ್ಕಳಿಗೆ ಅಮ್ಮನಿಗೆ 26 ವಾರ ರಜೆ ಇದೆ. ಅದೇ ತಿದ್ದುಪಡಿಯಲ್ಲಿ ಅಪ್ಪನ ಬಗ್ಗೆ ಒಂದು ಸಾಲಿಲ್ಲ. ಕೇಂದ್ರ ಸರ್ಕಾರಿ ನೌಕರನಾದ್ರೆ 15 ದಿನ. ನಮ್ಮಂಥವರಿಗೆ ಕಂಪನಿ ಕೊಟ್ಟಷ್ಟು. ಕೊಟ್ಟಿದ್ದನ್ನೂ ನಾವು ಡಿಸ್ಚಾರ್ಜ್ ಬಿಲ್ಲು, ನೆಂಟರಿಗೆ ಕಾಫಿ, ನಾಮಕರಣದ ಹಾಲ್ ಬುಕಿಂಗಲ್ಲಿ ಮುಗಿಸ್ತೀವಿ. ನನಗೆ ಒಬ್ಬ ಮ್ಯಾನೇಜರ್ ಕೇಳಿದ್ದುಂಟು: "ಎರಡನೇದಕ್ಕೂ ಅಷ್ಟು ದಿನ ರಜೆ ಬೇಕಾ? ಈಗ ಅಭ್ಯಾಸ ಇದ್ಯಲ್ಲ?" ಎರಡನೇದಕ್ಕಲ್ಲ ಸಾರ್, ಮೊದಲನೇದಕ್ಕೆ ಬೇಕು ಅಂದೆ. ಅವರಿಗೆ ಅರ್ಥ ಆಗಲಿಲ್ಲ, ರಜೆ ಮಾತ್ರ ಅಪ್ರೂವ್ ಮಾಡಿದ್ರು.

ಗಾರ್ಮೆಂಟ್ಸಿಗೆ ಹೋಗೋ ತಾಯಿಗೆ, ಕಟ್ಟಡದ ಕೆಲಸಕ್ಕೆ ಬಂದ ಗಂಡ ಹೆಂಡತಿಗೆ, ಒಂದೇ ರೂಮಿನ ಬಾಡಿಗೆ ಮನೆಯವರಿಗೆ ನಾನಿದನ್ನ ಹೇಳ್ತಿಲ್ಲ. ಅವರು ಮಗುವನ್ನ ಊರಲ್ಲಿ ಬಿಡೋದು ಬೇರೆ ದಾರಿ ಇಲ್ಲದೆ, ಮತ್ತೆ ಅವರು ಅದನ್ನ "ಮಗುಗೆ ಹಳ್ಳಿ ಎಕ್ಸ್‌ಪೋಷರ್ ಆಗ್ಲಿ ಅಂತ" ಅನ್ನಲ್ಲ. ತಿಂಗಳ ಇಎಂಐ, ಮನೆಗೆಲಸದವರು, ವರ್ಕ್ ಫ್ರಂ ಹೋಮ್ ಎಲ್ಲ ಇರೋ ನಾವು ಅಂತೀವಿ.

ಸಹಾಯ ಬೇಡ ಅಂತಲೂ ಅಲ್ಲ. ಮಗುವನ್ನ ಅಜ್ಜಿ ಹತ್ತಿರ ಕಳಿಸೋ ಬದಲು ಅಜ್ಜಿಯನ್ನ ಮಗುವಿನ ಹತ್ತಿರ ಕರೆಸಿ. ಅಲ್ಲೇ ಬರೋದು ತಾಪತ್ರಯ. ನಮ್ಮ ಕಡೆ ಹೊಗೆಸೊಪ್ಪಿನ ಬ್ಯಾರನ್ ಹೊತ್ತಿಸಿದ ಮೇಲೆ ಮನೆಯಿಂದ ಯಾರೂ ಅಲ್ಲಾಡೋ ಹಾಗಿಲ್ಲ. ಹೊಗೆಸೊಪ್ಪು ಇಲ್ಲದವರಿಗೆ ಹಸು. ನಮ್ಮವ್ವನಿಗೆ ಬಾ ಅಂದಾಗ ಮೂರು ದಿನ ಒಂದೇ ಮಾತು: "ಹಸ ಯಾರು ಕರೀತಾರೆ? ಕೈ ಬದಲಾದ್ರೆ ಅದು ಹಾಲು ಕೊಡಲ್ಲ ಕಣ್ ಮಗ, ಒದೀತದೆ." ಅವ್ವನ ಮಾತು ನಿಜವೇ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ. ಹೊಸಬರು ಕರೆಯೋಕೆ ಕೂತ್ರೆ ಹಸುವಿನ ಮೈ ಸವರ್ತಾರೆ, ಹೆಸರು ಹಿಡಿದು ಕರೀತಾರೆ, ಬೂಸಾ ಮುಂದಿಡ್ತಾರೆ, ನಾಲ್ಕು ದಿನ ಹಳೇ ಕೈಯನ್ನೂ ಪಕ್ಕದಲ್ಲೇ ನಿಲ್ಲಿಸ್ಕೋತಾರೆ. ಅದಕ್ಕೆ ಹೊಟ್ಟೆಕಿಚ್ಚು ಅಂತ ಯಾರೂ ಅನ್ನಲ್ಲ.

ಪಕ್ಕದ ಮನೆ ಅತ್ತಿಗೆಗೆ ತಿಂಗಳಿಗಿಷ್ಟು ಅಂತ ಕೊಡೋದಾಗಿ ಮಾತಾಡಿ, ಅವರು ನಾಲ್ಕು ದಿನ ಅವ್ವನ ಜೊತೆ ಕೂತು ಹಸುವಿಗೆ ಕೈ ಪಳಗಿಸಿದ ಮೇಲೆ ಅವ್ವ ಅರಕಲಗೂಡಿನ ಬಸ್ಸು ಹತ್ತಿದಳು. ಮೊದಲ ವಾರ ಹಾಲು ಅರ್ಧಕ್ಕಿಳೀತಂತೆ. ಆಮೇಲೆ ಸರಿಹೋಯ್ತು.